ಗಾಳಿ ತಿರುಗುವ ತನಕ: ಹಾಯಿ ಹಡಗಿನ ವ್ಯಾಪಾರದಲ್ಲಿ ಕಾಯುವಿಕೆ ಮತ್ತು ಸಿದ್ಧತೆ

ಸರಕು ಸಿದ್ಧವಾಗಿದೆ, ಗಿರಾಕಿಯ ಬೇಡಿಕೆ ಕೈಯಲ್ಲಿದೆ, ಹಡಗು ದಕ್ಕೆಯಲ್ಲಿ ನಿಂತಿದೆ, ಆದರೂ ಹೊರಡುವಂತಿಲ್ಲ. ಇಂದಿನ ರಫ್ತುದಾರನು ಇಂತಹ ಪರಿಸ್ಥಿತಿಯನ್ನು ಅನಿರೀಕ್ಷಿತ ವಿಘ್ನವೆಂದು ಭಾವಿಸಿ ಯಾರ ಮೇಲಾದರೂ ಹೊಣೆ ಹೊರಿಸುತ್ತಾನೆ. ಹಾಯಿ ಹಡಗಿನ ಕಾಲದ ವರ್ತಕನಿಗಾದರೋ ಅದು ಪ್ರತಿ ವರ್ಷವೂ ಬರುವ, ಮೊದಲೇ ಲೆಕ್ಕ ಹಾಕಿಟ್ಟ ಸ್ಥಿತಿಯಾಗಿತ್ತು. ಅರಬ್ಬಿ ಸಮುದ್ರವನ್ನು ದಾಟುವ ಪ್ರಯಾಣಕ್ಕೆ ತಗಲುತ್ತಿದ್ದುದು ಮೂರು ವಾರಗಳ ಆಸುಪಾಸು. ಆ ಮೂರು ವಾರಗಳಿಗಾಗಿ ನಡೆಯುತ್ತಿದ್ದ ಕಾಯುವಿಕೆ ಹಾಗೂ ಸಿದ್ಧತೆ ತಿಂಗಳುಗಟ್ಟಲೆಯದು. ಲಾಭ-ನಷ್ಟಗಳ ಬಹುಪಾಲು ತೀರ್ಮಾನವಾಗುತ್ತಿದ್ದುದು ಕಡಲಿನ ಮೇಲಲ್ಲ, ಹಡಗು ದಡದಲ್ಲಿದ್ದ ಆ ತಿಂಗಳುಗಳಲ್ಲಿ. ಮಂಗಳೂರು ಮತ್ತು ಏಡನ್ ಬಂದರುಗಳ ನಡುವೆ ಹನ್ನೆರಡನೆಯ ಶತಮಾನದಲ್ಲಿ ನಡೆದ ವ್ಯಾಪಾರದ ಪತ್ರಗಳು ಉಳಿದುಬಂದಿರುವುದರಿಂದ ಈ ವ್ಯವಸ್ಥೆಯನ್ನು ಊಹೆಯಿಂದಲ್ಲದೆ ಆಧಾರದಿಂದಲೇ ಅರಿಯಲು ಸಾಧ್ಯವಿದೆ.

ಗಾಳಿಯ ಎರಡು ಬಾಗಿಲುಗಳು

ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಅದರ ಮೇಲಿನ ಗಾಳಿಯ ಒತ್ತಡ ಕುಗ್ಗುತ್ತದೆ. ಸಮುದ್ರದ ಮೇಲಿನ ಗಾಳಿ ನೆಲದತ್ತ ಧಾವಿಸುತ್ತದೆ. ಇದೇ ನೈಋತ್ಯ ಮಾರುತ, ಅಂದರೆ ಮುಂಗಾರು. ಚಳಿಗಾಲದಲ್ಲಿ ನೆಲ ತಣಿದು ಗಾಳಿಯ ದಿಕ್ಕು ತಿರುಗುತ್ತದೆ. ಆಗ ಬೀಸುವುದು ಈಶಾನ್ಯ ಮಾರುತ. ಇಂಗ್ಲಿಷಿನ 'ಮಾನ್ಸೂನ್' ಎಂಬ ಪದದ ಮೂಲವು ಋತು ಎಂಬ ಅರ್ಥದ ಅರಬ್ಬಿ ಪದ 'ಮೌಸಿಮ್' ಎಂಬುದನ್ನು ಗಮನಿಸಬೇಕು. ಆ ಹೆಸರಿನ ಹಿಂದೆ ಮಳೆಯಿಲ್ಲ, ಕಾಲವಿದೆ.

ಮುಂಗಾರು ಗಾಳಿ ಅರೇಬಿಯಾದ ಕಡೆಯಿಂದ ಭಾರತದ ಕಡೆಗೆ ಬೀಸುವುದರಿಂದ ಜೂನ್, ಜುಲೈ ತಿಂಗಳುಗಳಲ್ಲೇ ಏಡನ್‌ನಿಂದ ಹೊರಟು ಬರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಗಾಳಿಯ ದಿಕ್ಕು ಅನುಕೂಲ, ಆದರೆ ಬಲ ಅತಿ. ಸೊಕೋಟ್ರಾ ದ್ವೀಪದ ಆಸುಪಾಸಿನಲ್ಲಿ ಜುಲೈ ತಿಂಗಳ ಗಾಳಿ ಮರದ ಹಡಗನ್ನು ಮುರಿಯಬಲ್ಲದು. ಅದನ್ನು ದಾಟಿ ಬಂದರೂ ಭಾರತದ ಪಶ್ಚಿಮ ಕರಾವಳಿಯಲ್ಲಿ ಇಳಿಯುವ ದಾರಿಯಿಲ್ಲ. ಇಲ್ಲಿನ ಹಳೆಯ ಬಂದರುಗಳೆಲ್ಲ ನದೀಮುಖದ ಬಂದರುಗಳು. ಅಳಿವೆಯ ಬಾಯಿಯಲ್ಲಿ ಮರಳ ದಿಬ್ಬವಿರುತ್ತದೆ. ನೇತ್ರಾವತಿ ಹಾಗೂ ಗುರುಪುರ ನದಿಗಳು ಕೂಡಿ ಕಡಲು ಸೇರುವ ಮಂಗಳೂರಿನ ಅಳಿವೆಯೂ ಅಂತಹುದೇ. ಮುಂಗಾರಿನಲ್ಲಿ ಆ ದಿಬ್ಬದ ಮೇಲೆ ಒಡೆಯುವ ಅಲೆಗಳ ನಡುವೆ ಹಡಗನ್ನು ಒಳತರುವುದು ದುಸ್ಸಾಹಸ. ಹೊರಗೆ ನಿಲ್ಲೋಣವೆಂದರೆ ಗಾಳಿ ಹಡಗನ್ನು ದಡದತ್ತಲೇ ದೂಡುತ್ತಿರುತ್ತದೆ.

ಆದಕಾರಣ ನಾವಿಕರು ಆರಿಸಿಕೊಂಡಿದ್ದು ಮುಂಗಾರಿನ ಬಾಲವನ್ನು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಏಡನ್ ಬಿಟ್ಟರೆ ಗಾಳಿ ಇನ್ನೂ ಬೆನ್ನಿಗಿರುತ್ತದೆ; ದಡ ಮುಟ್ಟುವ ಹೊತ್ತಿಗೆ ಭಾರತದ ಕರಾವಳಿಯಲ್ಲಿ ಕಡಲು ಇಳಿದಿರುತ್ತದೆ. ಮೊದಲೇ ಹೊರಟರೆ ಅಪಾಯ, ತಡವಾದರೆ ಗಾಳಿಯೇ ಇಲ್ಲ. ಕರಾವಳಿಯ ಮೊಗವೀರರು ಶ್ರಾವಣದ ನೂಲು ಹುಣ್ಣಿಮೆಯ ಸಮಯದಲ್ಲಿ ಸಮುದ್ರಪೂಜೆ ಮಾಡಿ, ತೆಂಗಿನಕಾಯಿ ಅರ್ಪಿಸಿ ಕಡಲಿಗಿಳಿಯುವ ಪದ್ಧತಿಯೂ ಇದೇ ಪಂಚಾಂಗಕ್ಕೆ ಹೊಂದಿಕೊಂಡದ್ದು.

ಭಾರತದಿಂದ ಹೊರಡುವ ಬಾಗಿಲು ಇದಕ್ಕಿಂತ ಅಗಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯ ಗಾಳಿ ಸೌಮ್ಯವಾಗಿ ಬೀಸುತ್ತದೆ, ಆಕಾಶ ನಿರ್ಮಲವಾಗಿರುತ್ತದೆ, ನಕ್ಷತ್ರಗಳು ಕಾಣುತ್ತವೆ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಭಾರತಕ್ಕೆ ಹೋದ ಹಡಗುಗಳು ಡಿಸೆಂಬರ್ ಆರಂಭದಲ್ಲಿ, ತಪ್ಪಿದರೆ ಜನವರಿ ಮಧ್ಯದೊಳಗೆ ಹಿಂದಿರುಗಿ ಹೊರಡುತ್ತಿದ್ದವೆಂದು ದಾಖಲಿಸಿದ್ದಾನೆ. ಸಾವಿರದ ಇನ್ನೂರು ವರ್ಷಗಳ ನಂತರ, 1271ರ ಸುಮಾರಿಗೆ, ಯೆಮನ್ನಿನ ರಸೂಲಿ ವಂಶದ ಅಲ್ ಅಶ್ರಫ್ ಉಮರ್ ರಚಿಸಿದ ಪಂಚಾಂಗದಲ್ಲಿ ಏಡನ್‌ಗೆ ಹಡಗುಗಳು ಬರುವ ಹಾಗೂ ಹೊರಡುವ ದಿನಗಳನ್ನು ಬಿತ್ತನೆ, ಕೊಯ್ಲುಗಳ ದಿನಗಳೊಡನೆಯೇ ನಮೂದಿಸಲಾಗಿದೆ. ಅಂದಿನವರಿಗೆ ಹಡಗಿನ ಆಗಮನವೂ ಒಂದು ಬೆಳೆಯೇ ಆಗಿತ್ತು.

ಎದುರು ಗಾಳಿಯಲ್ಲಿ ಹಾಯಿ ಹಡಗು ಸಾಗಲಾರದೇ ಎಂದರೆ, ಸ್ವಲ್ಪಮಟ್ಟಿಗೆ ಸಾಗಬಲ್ಲದು. ಅರಬ್ಬಿ ಸಮುದ್ರದ ಹಡಗುಗಳ ಮುಕ್ಕೋನದ ಹಾಯಿಯು ಪಕ್ಕದಿಂದ ಬೀಸುವ ಗಾಳಿಯನ್ನೂ ಬಳಸಿಕೊಳ್ಳುತ್ತದೆ. ಆದರೆ ಎದುರು ಗಾಳಿಗೆ ಅಂಕುಡೊಂಕಾಗಿ ಸಾಗಬೇಕಾದರೆ ಪ್ರತಿ ತಿರುವಿನಲ್ಲೂ ಹಾಯಿಯನ್ನೂ ಅದನ್ನು ಹೊತ್ತ ಭಾರಿ ಓರೆಗಂಬವನ್ನೂ ಕೂವೆಮರದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಿಸಬೇಕು. ಹತ್ತಾರು ಆಳುಗಳ ಈ ಕೆಲಸವನ್ನು ಕಡಲ ನಡುವೆ ಪದೇ ಪದೇ ಮಾಡುವುದು ಅಸಾಧ್ಯಪ್ರಾಯ. ಸರಕು ತುಂಬಿ ನೀರಿನಲ್ಲಿ ಆಳಕ್ಕಿಳಿದ ಹಡಗು ಪಕ್ಕಕ್ಕೆ ಜಾರುತ್ತಲೂ ಇರುತ್ತದೆ. ದಿನವಿಡೀ ಹೆಣಗಿದರೂ ಮುಂದೆ ಸಾಗುವುದು ಅತ್ಯಲ್ಪ. ಅಷ್ಟರಲ್ಲಿ ಕುಡಿಯುವ ನೀರು ಮುಗಿಯುತ್ತದೆ. ಕಾಯುವುದೇ ಅಗ್ಗವೆಂಬ ತೀರ್ಮಾನಕ್ಕೆ ಅವರು ಬಂದುದು ಈ ಲೆಕ್ಕದಿಂದ, ಆಲಸ್ಯದಿಂದಲ್ಲ.

ಮಂಗಳೂರಿನ ಒಬ್ಬ ವರ್ತಕನ ಕಾಗದಗಳು

ಹಳೆಯ ಕೈರೋ ನಗರದ ಬೆನ್ ಎಜ್ರಾ ಯೆಹೂದಿ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಶತಮಾನಗಳಿಂದ ತುಂಬಿಟ್ಟಿದ್ದ ಹಳೆಯ ಕಾಗದಗಳ ಬಹುಭಾಗವನ್ನು 1896-97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಲಾಯಿತು. ಅವುಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸಂಬಂಧಿಸಿದವನ್ನು ವಿದ್ವಾಂಸ ಎಸ್. ಡಿ. ಗೊಯ್ಟೈನ್ ಅವರು ದಶಕಗಳ ಕಾಲ ಅಭ್ಯಸಿಸಿದರು. ಆ ಪತ್ರಗಳ ಇಂಗ್ಲಿಷ್ ಸಂಪುಟ ಎಂ. ಎ. ಫ್ರೀಡ್‌ಮನ್ ಅವರ ಸಹಯೋಗದಲ್ಲಿ 2008ರಲ್ಲಿ ಪ್ರಕಟವಾಯಿತು. ಈ ಪತ್ರಗಳ ಮುಖ್ಯ ವ್ಯಕ್ತಿಗಳಲ್ಲೊಬ್ಬ ಅಬ್ರಹಾಂ ಬೆನ್ ಯಿಜು. ಟುನೀಶಿಯಾ ಮೂಲದ ಈ ವರ್ತಕನು 1132ರ ವೇಳೆಗೆ ಮಂಗಳೂರಿನಲ್ಲಿದ್ದನು. ಸುಮಾರು ಹದಿನೇಳು ವರ್ಷಗಳ ಬಳಿಕ, 1149ರಲ್ಲಿ, ಭಾರತವನ್ನು ಬಿಟ್ಟು ಏಡನ್‌ಗೆ ತೆರಳಿದನು. ಅಮಿತಾವ್ ಘೋಷ್ ಅವರ 1992ರ ಕೃತಿಯಿಂದಾಗಿ ಅವನ ಹೆಸರು ಹಾಗೂ ಅವನ ಪ್ರತಿನಿಧಿಯಾಗಿ ಏಡನ್‌ಗೆ ಹೋಗಿಬರುತ್ತಿದ್ದ ಬೊಮ್ಮನ ಹೆಸರು ಸಾಮಾನ್ಯ ಓದುಗರಿಗೂ ಪರಿಚಿತವಾಯಿತು.

ಬೆನ್ ಯಿಜು ಏಡನ್‌ಗೆ ಕಳುಹಿಸುತ್ತಿದ್ದುದು ಕಾಳುಮೆಣಸು, ಕಬ್ಬಿಣ, ಅಡಿಕೆ, ಏಲಕ್ಕಿ ಮತ್ತು ಲೋಹದ ಪಾತ್ರೆಗಳು. ಅಲ್ಲಿಂದ ಬರುತ್ತಿದ್ದುದು ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಚಾಪೆ, ಕಾಗದ ಮುಂತಾದವು. ಕಾಗದ ಇಲ್ಲಿ ದುರ್ಲಭವಾಗಿದ್ದುದರಿಂದ ಬಂದ ಪತ್ರಗಳ ಹಿಂಬದಿಯಲ್ಲೇ ಅವನು ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದನು. ಆ ಮಿತವ್ಯಯದಿಂದಲೇ ಅವನ ಲೆಕ್ಕಪತ್ರಗಳ ಒಂದಂಶ ಉಳಿದುಬಂದಿತೆನ್ನಬಹುದು.

ಬಂಡವಾಳ ಎಷ್ಟು ತಿಂಗಳು ಸಿಕ್ಕಿಬೀಳುತ್ತಿತ್ತು?

ವರ್ತಕರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಗಾಳಿಯ ಪಂಚಾಂಗವನ್ನು ಇಟ್ಟುಕೊಂಡು ಒಂದು ಸುತ್ತನ್ನು ಲೆಕ್ಕ ಹಾಕೋಣ. ಕರಾವಳಿ ಮತ್ತು ಘಟ್ಟದ ಸೀಮೆಗಳಲ್ಲಿ ಕಾಳುಮೆಣಸಿನ ಕೊಯ್ಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಜನವರಿಯಲ್ಲಿ ಹಣ ಕೊಟ್ಟು ಮೆಣಸು ಕೊಂಡು ಫೆಬ್ರವರಿಯಲ್ಲಿ ಹಡಗಿಗೆ ಹೇರಿದರೆ ಮಾರ್ಚ್‌ನಲ್ಲಿ ಅದು ಏಡನ್ ತಲುಪುತ್ತದೆ. ಅಲ್ಲಿನ ಪ್ರತಿನಿಧಿ ಅದನ್ನು ಮಾರಿ, ಹಣಕ್ಕೆ ಪ್ರತಿಯಾಗಿ ಸರಕು ಕೊಂಡರೂ ಆ ಸರಕು ಏಡನ್‌ನಲ್ಲೇ ಆಗಸ್ಟ್ ಕೊನೆಯವರೆಗೆ ಕಾಯಬೇಕು. ಅದು ಮಂಗಳೂರಿಗೆ ಬರುವುದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ. ಜನವರಿಯಲ್ಲಿ ಹೂಡಿದ ಹಣ ಸರಕಿನ ರೂಪದಲ್ಲಿ ಕೈಸೇರಲು ಒಂಬತ್ತು ತಿಂಗಳು. ಆ ಸರಕನ್ನು ಮಾರಿ ನಗದಾಗಿಸಲು ಇನ್ನಷ್ಟು ಕಾಲ. ಅಂದರೆ ವರ್ಷಕ್ಕೆ ಒಂದೇ ಸುತ್ತು. ಈ ಒಂಬತ್ತು ತಿಂಗಳಲ್ಲಿ ಸರಕು ಕಡಲ ಮೇಲಿರುತ್ತಿದ್ದುದು ಹೋಗಿಬರುವ ಎರಡೂ ದಾರಿ ಸೇರಿ ಒಂದೂವರೆ ತಿಂಗಳಿಗಿಂತ ಹೆಚ್ಚಲ್ಲ.

ಹೊರಡುವ ಕಾಲ ತಪ್ಪಿದರೆ ಪೆಟ್ಟು ಎಷ್ಟೆಂಬುದು ಈಗ ಸ್ಪಷ್ಟ. ಮಾರ್ಚ್‌ನಲ್ಲಿ ಹೊರಡಬೇಕಾದ ಹಡಗು ಎರಡು ತಿಂಗಳು ತಡವಾದರೆ ನಷ್ಟ ಎರಡು ತಿಂಗಳಿನದಲ್ಲ. ಮುಂಗಾರು ಕವಿದು ಬಾಗಿಲು ಮುಚ್ಚುತ್ತದೆ. ಸರಕು ಉಗ್ರಾಣದಲ್ಲಿ ಮಳೆಗಾಲ ಕಳೆಯಬೇಕು. ಹಣ ಇನ್ನೊಂದು ವರ್ಷ ಮರಳುವುದಿಲ್ಲ. ಅಂತೆಯೇ ಗಡುವು ಹತ್ತಿರ ಬಂದಂತೆ ಮಾರುವವನ ಕೈ ಮೇಲಾಗುತ್ತಿತ್ತು. ಅರ್ಧ ತುಂಬಿದ ಹಡಗು ದಕ್ಕೆಯಲ್ಲಿರುವಾಗ ಕೊಳ್ಳುವವನು ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಕೊಯ್ಲಿಗೆ ಮುಂಚೆಯೇ ಬೆಳೆಗಾರನಿಗೆ ಮುಂಗಡ ಕೊಟ್ಟು ಮಾಲನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ಇಂತಹ ವ್ಯಾಪಾರಕ್ಕೆ ಅನಿವಾರ್ಯ. ಮಳೆಗಾಲವಿಡೀ ಕಾಯುವ ವರ್ತಕನು ಮಾಡಬೇಕಾದ ಮೊದಲ ಕೆಲಸ ಅದೇ.

ಮಾರುಕಟ್ಟೆಯ ಸುದ್ದಿಯೂ ಇದೇ ಗಾಳಿಯಲ್ಲಿ ಬರಬೇಕಿತ್ತು. ಏಡನ್‌ನಿಂದ ಬಂದ ಒಂದು ಪತ್ರದಲ್ಲಿ, ಆ ವರ್ಷ ಕಬ್ಬಿಣವೆಲ್ಲವೂ ಚೆನ್ನಾಗಿ ಮಾರಾಟವಾಗಿದೆಯೆಂದೂ ಊರಿನಲ್ಲಿ ದಾಸ್ತಾನು ಉಳಿದಿಲ್ಲವಾದುದರಿಂದ ಮುಂದಿನ ವರ್ಷವೂ ಬೇಡಿಕೆಯಿರುವುದೆಂದೂ ಅಲ್ಲಿನ ವರ್ತಕನು ಬೆನ್ ಯಿಜುವಿಗೆ ತಿಳಿಸುತ್ತಾನೆ. ಇಂದಿನ ಧಾರಣೆಗಿಂತಲೂ ದಾಸ್ತಾನಿನ ಸ್ಥಿತಿಯನ್ನು ತಿಳಿಸುವುದರಲ್ಲಿ ಜಾಣತನವಿದೆ. ಶರತ್ಕಾಲದಲ್ಲಿ ಬಂದ ಸುದ್ದಿಯನ್ನು ನಂಬಿ ಕಳುಹಿಸಿದ ಮಾಲು ಅಲ್ಲಿಗೆ ಮುಟ್ಟುವುದು ಆರು ತಿಂಗಳ ನಂತರ. ಅಷ್ಟರಲ್ಲಿ ಧಾರಣೆ ಹಳತಾಗುತ್ತದೆ. ಬರಿದಾದ ಉಗ್ರಾಣ ಅಷ್ಟು ಬೇಗ ತುಂಬುವುದಿಲ್ಲ.

ಕಾಯುವ ಕಾಲದಲ್ಲಿ ಕಾರ್ಖಾನೆ

ಸಣ್ಣ ಉತ್ಪಾದಕರ ಗಮನಕ್ಕೆ ಅರ್ಹವಾದ ಸಂಗತಿ ಬೆನ್ ಯಿಜುವಿನ ಲೋಹದ ಕಾರ್ಖಾನೆ. ಏಡನ್‌ನ ಗಿರಾಕಿಗಳು ತಾಮ್ರವನ್ನೂ ಒಡೆದ ಹಳೆಯ ಕಂಚು-ಹಿತ್ತಾಳೆಯ ಪಾತ್ರೆಗಳನ್ನೂ ಮಂಗಳೂರಿಗೆ ಕಳುಹಿಸುತ್ತಿದ್ದರು. ಅವುಗಳಿಂದ ತಟ್ಟೆ, ಬಟ್ಟಲು, ದೀಪ ಮುಂತಾದವನ್ನು ಹೀಗೆಯೇ ಮಾಡಿಕೊಡಬೇಕೆಂದು ವಿವರವಾಗಿ ಬರೆಯುತ್ತಿದ್ದರು. ಕಚ್ಚಾ ಲೋಹ ಕಡಲಾಚೆಯದು, ಕೈಕೆಲಸ ಇಲ್ಲಿಯದು, ಗಿರಾಕಿ ಮತ್ತೆ ಕಡಲಾಚೆಯವನು. ಇಂದಿನ ಭಾಷೆಯಲ್ಲಿ ಇದು ಜಾಬ್ ವರ್ಕ್.

ಈ ವ್ಯವಸ್ಥೆ ಗಾಳಿಯ ಪಂಚಾಂಗಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದು ನೋಡಬೇಕು. ಲೋಹವೂ ಬೇಡಿಕೆಯೂ ಬರುವ ಹಡಗುಗಳು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತಲುಪುತ್ತವೆ. ಮರಳುವ ಹಡಗು ಹೊರಡುವುದು ಚಳಿಗಾಲದಲ್ಲಿ. ನಡುವಣ ಮೂರು ನಾಲ್ಕು ತಿಂಗಳು ಕರಗಿಸಿ, ಎರಕ ಹೊಯ್ದು, ಬಡಿದು, ಹೊಳಪು ಕೊಡುವ ಕೆಲಸಕ್ಕೆ ಸಾಕಾಗುತ್ತದೆ. ಹಡಗು ಹೇಗೂ ಕಾಯಲೇಬೇಕಾದ ಅವಧಿಯಲ್ಲಿ ಲೋಹದ ಬೆಲೆ ಏರಿತು. ಬರಿಯ ಮೆಣಸಿನ ವ್ಯಾಪಾರಿಗೆ ಈ ಅನುಕೂಲವಿರಲಿಲ್ಲ. ಅವನ ಮಾಲು ಕಾದಷ್ಟೂ ತೂಕ ಕಳೆದುಕೊಳ್ಳುತ್ತಿತ್ತು.

ಸರಕಿನ ಸಿದ್ಧತೆ

ಮೆಣಸಿನ ಶತ್ರು ತೇವ. ಇಂದು ಕಾಳಿನಲ್ಲಿ ತೇವಾಂಶ ಶೇಕಡಾ 11-12ರ ಆಸುಪಾಸಿನಲ್ಲಿದ್ದರೆ ದಾಸ್ತಾನಿಗೆ ಯೋಗ್ಯವೆನ್ನುತ್ತಾರೆ, ಅಳೆಯಲು ಉಪಕರಣವಿದೆ. ಅಂದು ಇದ್ದುದು ಬಿಸಿಲು ಮತ್ತು ಅನುಭವ. ಕೊಯ್ದ ಕಾಳನ್ನು ಹಲವು ದಿನ ಬಿಸಿಲಿನಲ್ಲಿ ಒಣಗಿಸದೆ ಚೀಲಕ್ಕೆ ತುಂಬಿದರೆ, ಗಾಳಿಯಾಡದ ಬಿಸಿ ಒಡಲಿನಲ್ಲಿ ಮೂರು ವಾರ ಕಳೆಯುವಷ್ಟರಲ್ಲಿ ಬೂಸಲು ಹಿಡಿಯುವುದು ಖಚಿತ. ಮರದ ಹಡಗಿನ ತಳದಲ್ಲಿ ನೀರು ಜಿನುಗುವುದು ನಿತ್ಯದ ಮಾತು. ಆದುದರಿಂದ ನೀರಿಗೆ ಬೇಗ ಕೆಡದ ಭಾರದ ಸರಕು ಕೆಳಗೆ, ಕೆಡುವ ಸರಕು ಮೇಲೆ ಎಂಬುದು ಹೇರುವವರ ನಿಯಮ. ಕೆಳಗಿನ ಭಾರದಿಂದ ಹಡಗು ಸ್ಥಿರವಾಗಿ ನಿಲ್ಲುತ್ತಿತ್ತು. ಮಂಗಳೂರಿನ ವ್ಯಾಪಾರದಲ್ಲಿ ಕಬ್ಬಿಣ ಮತ್ತು ಮೆಣಸು ಜೊತೆಯಾಗಿ ಹೋಗುತ್ತಿದ್ದುದು ಈ ದೃಷ್ಟಿಯಿಂದಲೂ ಅನುಕೂಲಕರವೇ. ಚೀಲ, ಕಟ್ಟುಗಳ ಮೇಲೆ ಒಡೆಯನ ಹೆಸರು ಬರೆಯುವುದು ಕಡ್ಡಾಯ. ಒಂದೇ ಒಡಲಿನಲ್ಲಿ ಹತ್ತಾರು ವರ್ತಕರ ಮಾಲು ಇರುವಾಗ ಬೇರೆ ಉಪಾಯವಿಲ್ಲ.

ಸಿದ್ಧತೆಯ ಎಲ್ಲಕ್ಕಿಂತ ದೊಡ್ಡ ಪಾಠ ಸರಕನ್ನು ಹಂಚುವುದು. ವಿಮೆಯಿಲ್ಲದ ಕಾಲ ಅದು. ಕಂತು ಕಟ್ಟಿ ನೌಕಾವಿಮೆ ಪಡೆಯುವ ಪದ್ಧತಿ ಇಟಲಿಯ ಬಂದರುಗಳಲ್ಲಿ ರೂಢಿಗೆ ಬಂದುದೇ ಹದಿನಾಲ್ಕನೆಯ ಶತಮಾನದಲ್ಲಿ. ಏಡನ್-ಮಲಬಾರ್ ವರ್ತಕರು ಒಂದೇ ಋತುವಿನ ಮಾಲನ್ನು ಹಲವು ಹಡಗುಗಳಲ್ಲಿ ಹಂಚಿ ಕಳುಹಿಸುತ್ತಿದ್ದರು. ಪತ್ರಗಳದ್ದೂ ಇದೇ ಕ್ರಮ. ಒಂದೇ ಪತ್ರದ ಹಲವು ಪ್ರತಿಗಳು ಬೇರೆ ಬೇರೆ ಹಡಗುಗಳಲ್ಲಿ ಹೋಗುತ್ತಿದ್ದವು.

ಇದರ ಫಲವೇನೆಂಬುದನ್ನು ಏಡನ್‌ನ ಖಲಫ್ ಬಿನ್ ಇಸಾಕ್ ಎಂಬ ವರ್ತಕ ಬೆನ್ ಯಿಜುವಿಗೆ ಬರೆದ ಒಂದು ಪತ್ರ ತಿಳಿಸುತ್ತದೆ. ಎರಡು ಹಡಗುಗಳಲ್ಲಿ ಚಿಕ್ಕದು ಸುರಕ್ಷಿತವಾಗಿ ಬಂದು ಸೇರಿತು. ಅದರಲ್ಲಿದ್ದ ಕಬ್ಬಿಣವನ್ನು ಅವನು ಪಡೆದುಕೊಂಡನು. ದೊಡ್ಡದು ಆಫ್ರಿಕಾ ತೀರದ ಬೆರ್ಬೆರಾ ಹತ್ತಿರ ಸಂಕಟಕ್ಕೆ ಸಿಲುಕಿ, ಗಾಳಿಯ ಹೊಡೆತಕ್ಕೆ ಬಾಬ್ ಎಲ್ ಮಂದೆಬ್ ಜಲಸಂಧಿಯತ್ತ ತಳ್ಳಲ್ಪಟ್ಟು ಅಲ್ಲಿ ಮುಳುಗಿತು. ಮೆಣಸು ಪೂರ್ತಿ ಹೋಯಿತು. ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣದ ಸುಮಾರು ಅರ್ಧಭಾಗವನ್ನು ಮೇಲೆತ್ತಿಸಲಾಯಿತು. ಅದು ಸುಂಕದ ಕಟ್ಟೆಗೆ ಬರುತ್ತಿರುವಾಗಲೇ ಪತ್ರ ಬರೆಯುತ್ತಿರುವುದಾಗಿ ಅವನು ತಿಳಿಸುತ್ತಾನೆ. ಮಾಲೆಲ್ಲವೂ ದೊಡ್ಡ ಹಡಗಿನಲ್ಲೇ ಇದ್ದಿದ್ದರೆ ಆ ವರ್ಷದ ಗಳಿಕೆ ಮುಳುಗಿದ ಕಬ್ಬಿಣದ ಅರ್ಧ ಮಾತ್ರವಾಗುತ್ತಿತ್ತು. ದೊಡ್ಡ ಹಡಗು ಹೆಚ್ಚು ಸುರಕ್ಷಿತವೆಂಬ ಸಾಮಾನ್ಯ ನಂಬಿಕೆಗೂ ಈ ಘಟನೆ ಆಧಾರ ಕೊಡುವುದಿಲ್ಲ.

ಹಡಗು ಯಾರದ್ದೆಂಬುದೂ ಆಸಕ್ತಿಯ ವಿಷಯ. ಈ ಪತ್ರಗಳಲ್ಲಿ ಬರುವ ಹಡಗಿನ ಒಡೆಯರಲ್ಲೊಬ್ಬನ ಹೆಸರು ಅರಬ್ಬಿ ಉಚ್ಚಾರಣೆಯಲ್ಲಿ 'ಫತನ್‌ಸ್ವಾಮಿ'. ಇದು ಕನ್ನಡ ಶಾಸನಗಳಿಗೆ ಪರಿಚಿತವಾದ 'ಪಟ್ಟಣಸ್ವಾಮಿ' ಎಂಬ ಪದವಿಯೇ. ಪಟ್ಟಣದ ವರ್ತಕರ ಮುಖ್ಯಸ್ಥನಿಗೆ ಸಲ್ಲುತ್ತಿದ್ದ ಈ ಬಿರುದನ್ನು ಹೊತ್ತ ನೊಕ್ಕಯ್ಯ ಸೆಟ್ಟಿಯು ಹನ್ನೊಂದನೆಯ ಶತಮಾನದಲ್ಲಿ ಹುಂಚದಲ್ಲಿ ಬಸದಿಯನ್ನು ಕಟ್ಟಿಸಿದ್ದನು. ವಾಣಿಜ್ಯ ಸಂಘಗಳ ಅಧ್ಯಕ್ಷಸ್ಥಾನಕ್ಕೆ ಪೂರ್ವಜನನ್ನು ಹುಡುಕುವವರು ಇಲ್ಲಿಂದ ಆರಂಭಿಸಬಹುದು.

ಹಡಗಿನ ಸಿದ್ಧತೆ

ಆ ಕಾಲದ ಅರಬ್ಬಿ ಸಮುದ್ರದ ಹಡಗುಗಳ ಹಲಗೆಗಳನ್ನು ಬಹುಮಟ್ಟಿಗೆ ಮೊಳೆಯಿಂದಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದು ಜೋಡಿಸುತ್ತಿದ್ದರು. 1183ರಲ್ಲಿ ಕೆಂಪು ಸಮುದ್ರದಲ್ಲಿ ಸಂಚರಿಸಿದ ಪ್ರವಾಸಿ ಇಬ್ನ್ ಜುಬೇರ್ ಇಂತಹ ಹೊಲಿದ ಹಡಗುಗಳನ್ನೂ ಅವುಗಳಿಗೆ ಶಾರ್ಕ್ ಮೀನಿನ ಎಣ್ಣೆ ಬಳಿಯುವುದನ್ನೂ ವರ್ಣಿಸಿದ್ದಾನೆ. ಸಾಗುವಾನಿ ಮರ ಹಾಗೂ ತೆಂಗಿನ ನಾರು, ಎರಡೂ ಭಾರತದ ಪಶ್ಚಿಮ ಕರಾವಳಿಯ ಕಡೆಯಿಂದ ಅರಬ್ ಬಂದರುಗಳಿಗೆ ಹೋಗುತ್ತಿದ್ದ ಸರಕುಗಳು. ಹಡಗಿನಲ್ಲಿ ಹೋಗುವ ಮಾಲಿನಂತೆ ಹಡಗೂ ಈ ಕಡೆಯ ಉತ್ಪನ್ನವೇ ಆಗಿತ್ತು.

ಹೊಲಿಗೆ ಸಡಿಲವಾಗುತ್ತದೆ, ನಾರು ಕೊಳೆಯುತ್ತದೆ, ಮರ ಕೊರೆಯುವ ಕಡಲ ಹುಳು ಹಲಗೆಯನ್ನು ಒಳಗಿನಿಂದ ತಿನ್ನುತ್ತದೆ. ಮಳೆಗಾಲದಲ್ಲಿ ಹಡಗನ್ನು ದಡಕ್ಕೆಳೆದು ತಟ್ಟಿಯ ಮಾಡಿನಡಿ ಇಡುವುದು ಇದಕ್ಕಾಗಿ. ಹಲಗೆಗಳ ಸಂದಿಗೆ ಹೊಸದಾಗಿ ನಾರು ತುರುಕಿ, ತಳಕ್ಕೆ ಸುಣ್ಣ ಮತ್ತು ಕೊಬ್ಬನ್ನು ಬೆರೆಸಿದ ಲೇಪವನ್ನು ಕೈಯಿಂದಲೇ ಮೆತ್ತುವ ಕೆಲಸ ಇಪ್ಪತ್ತನೆಯ ಶತಮಾನದವರೆಗೂ ಬದಲಾಗದೆ ನಡೆದುಬಂದಿತು. ಪ್ರಯಾಣ ಚಿಕ್ಕದಾದರೂ ಈ ಕೆಲಸ ಚಿಕ್ಕದಲ್ಲ; ಇದರಲ್ಲಿ ಒಂದು ವಾರ ಉಳಿಸಲು ಹೋದವನು ಕಡಲ ನಡುವೆ ನೀರು ಮೊಗೆಯುತ್ತ ಕೂರಬೇಕು.

ಕುಡಿಯುವ ನೀರಿನ ಲೆಕ್ಕವನ್ನು ಉದಾಹರಣೆಗೆ ನೋಡಬಹುದು. ಮಂಗಳೂರು-ಏಡನ್ ನಡುವಣ ನೇರ ಅಂತರ ಸುಮಾರು 3,200 ಕಿಲೋಮೀಟರ್. ಗಂಟೆಗೆ 4 ನಾಟಿಕಲ್ ಮೈಲಿಯ ಸರಾಸರಿ ವೇಗದಲ್ಲಿ ದಿನಕ್ಕೆ 178 ಕಿಲೋಮೀಟರ್ ಸಾಗಿದರೆ 18 ದಿನ. ಕಲಾಸಿಗಳು, ಪ್ರಯಾಣಿಕರು ಸೇರಿ 50 ಜನರಿಗೆ ಅಡುಗೆಯೂ ಸೇರಿದಂತೆ ತಲೆಗೆ ದಿನಕ್ಕೆ 4 ಲೀಟರ್ ಎಂದರೆ 3,600 ಲೀಟರ್ ಬೇಕು. ಗಾಳಿ ನಿಂತು ಹಡಗು ತೇಲುತ್ತ ನಿಲ್ಲುವ ದಿನಗಳಿಗಾಗಿ ಇದರ ದುಪ್ಪಟ್ಟು ಒಯ್ದರೆ ಏಳು ಟನ್ನಿಗೂ ಹೆಚ್ಚು ಭಾರ. ಅಷ್ಟು ಜಾಗದಲ್ಲಿ ಮೆಣಸು ಹೇರಿದ್ದರೆ ಬಾಡಿಗೆ ಬರುತ್ತಿತ್ತು. ಒಡೆಯನಿಗೆ ಬಾಡಿಗೆಯ ಆಸೆ, ನಾಖುದನಿಗೆ ನೀರಿನ ಚಿಂತೆ. ಇವರಿಬ್ಬರ ವಾದ ತೀರುವುದೂ ಹೊರಡುವ ಮುನ್ನಿನ ಸಿದ್ಧತೆಯ ಭಾಗವೇ.

ಗಾಳಿಯ ವೇಳಾಪಟ್ಟಿ ಕಳ್ಳರಿಗೂ ಗೊತ್ತು

ಹಡಗುಗಳು ಯಾವಾಗ ಬರುವುವೆಂದು ಎಲ್ಲರಿಗೂ ತಿಳಿದಿರುವುದರಿಂದ ಒಂದು ಅಪಾಯವೂ ಇತ್ತು. 1135ರಲ್ಲಿ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ದೊರೆ ಏಡನ್‌ನ ಮೇಲೆ ನೌಕಾಪಡೆಯನ್ನು ಕಳುಹಿಸಿದನು. ಆ ಪಡೆ ಬಂದರಿನ ಹೊರಗೆ ಬೀಡುಬಿಟ್ಟು, ಋತುವಿಗೆ ಸರಿಯಾಗಿ ಬರುವ ವರ್ತಕರ ಹಡಗುಗಳಿಗಾಗಿ ಹೊಂಚುಹಾಕಿ ಕುಳಿತಿತು. ಕಡೆಗೆ ಸೀರಾಫ್ ಮೂಲದ ಪ್ರಸಿದ್ಧ ವರ್ತಕ ರಾಮಿಶ್ತ್‌ನ ಎರಡು ಹಡಗುಗಳು ಬಂದಾಗ ಶತ್ರುಗಳು ಅವನ್ನು ಹಿಡಿಯಲು ಯತ್ನಿಸಿದರಾದರೂ ಗಾಳಿ ಹಡಗುಗಳ ಪರವಾಗಿದ್ದುದರಿಂದ ಅವು ಬಂದರನ್ನು ಹೊಕ್ಕವು. ಊರಿನ ಸೈನಿಕರು ಆ ಹಡಗುಗಳನ್ನೇರಿ ಎದುರಿಸಲಾಗಿ ಮುತ್ತಿಗೆ ಮುರಿಯಿತು. ಈ ಸುದ್ದಿಯೂ ವ್ಯಾಪಾರದ ಪತ್ರಗಳಲ್ಲೇ ದಾಖಲಾಗಿದೆ.

ಕಾಯುವವರ ಸಾಲ

ಹಾಯಿ ಹಡಗಿನ ವ್ಯಾಪಾರವನ್ನು ಕೇವಲ ರಮ್ಯವಾಗಿ ಚಿತ್ರಿಸುವವರು ಮರೆಯುವ ಒಂದು ಸಂಗತಿಯಿದೆ: ಕಾಯುವ ತಿಂಗಳುಗಳಲ್ಲಿ ಹೊಟ್ಟೆಪಾಡಿನ ಖರ್ಚು ಯಾರದು? ಇದಕ್ಕೆ ಸ್ಪಷ್ಟ ಉತ್ತರ ದೊರೆಯುವುದು ಇಪ್ಪತ್ತನೆಯ ಶತಮಾನದ ದಾಖಲೆಯಲ್ಲಿ. ಆಸ್ಟ್ರೇಲಿಯಾದ ನಾವಿಕ ಹಾಗೂ ಲೇಖಕ ಅಲನ್ ವಿಲಿಯರ್ಸ್ 1938-39ರಲ್ಲಿ ಕುವೈತ್‌ನ ಒಂದು ಹಾಯಿ ಹಡಗಿನಲ್ಲಿ ಏಡನ್‌ನಿಂದ ಪೂರ್ವ ಆಫ್ರಿಕಾಕ್ಕೂ ಅಲ್ಲಿನ ರುಫಿಜಿ ಅಳಿವೆಯಲ್ಲಿ ಕಾಂಡ್ಲಾ ಮರದ ಕಂಬಗಳನ್ನು ಹೇರಿಕೊಂಡು ಮತ್ತೆ ಕುವೈತ್‌ಗೂ ಪ್ರಯಾಣಿಸಿದನು. ಅವನ ವಿವರಣೆಯಂತೆ ಕಲಾಸಿಗಳಿಗೆ ಸಂಬಳವಿಲ್ಲ. ಪ್ರಯಾಣದ ಗಳಿಕೆಯಲ್ಲಿ ಪಾಲು. ಗಳಿಕೆ ಬರುವವರೆಗೆ ನಾಖುದ ಕೊಟ್ಟ ಮುಂಗಡವೇ ಜೀವನಾಧಾರ. ನಾಖುದನೂ ದಡದಲ್ಲಿರುವ ವರ್ತಕನಿಗೆ ಸಾಲಗಾರ. ಹೀಗೆ ಸಾಲ ವರ್ಷದಿಂದ ವರ್ಷಕ್ಕೆ ಸಾಗಿಬರುತ್ತಿತ್ತು. ಅಂದರೆ ಕಾಯುವಿಕೆಯ ಖರ್ಚು ಲೆಕ್ಕದ ಪುಸ್ತಕದಲ್ಲಿ ಹಡಗಿನ ಹೆಸರಿನಲ್ಲಿ ಕಾಣದಿದ್ದರೂ ಅಂತಿಮವಾಗಿ ಬೀಳುತ್ತಿದ್ದುದು ಹಗ್ಗ ಎಳೆಯುವವನ ಮೇಲೆ. ಬಂಡವಾಳವಿದ್ದವನಿಗೆ ಕಾಯುವುದು ಒಂದು ಅಸ್ತ್ರ. ಇಲ್ಲದವನಿಗೆ ಅದೇ ಸಂಕೋಲೆ.

ಬಾಗಿಲು ತೆರೆದುಕೊಂಡ ಬಗೆ

ಹೊಗೆಹಡಗುಗಳು ಬಂದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ದೂರದ ವ್ಯಾಪಾರದ ಮೇಲಿನ ಗಾಳಿಯ ಹಿಡಿತ ಸಡಿಲಗೊಂಡಿತು. ಆದರೂ ಹಾಯಿ ಹಡಗು ತಕ್ಷಣ ಮಾಯವಾಗಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಬೆಳೆದ ಉದ್ಯಮವು ತನ್ನ ಭಾರದ, ಅಗ್ಗದ ಸರಕನ್ನು ಸಾಗಿಸಲು ಬಹುಕಾಲ ಪತ್ತೆಮಾರಿ, ಮಂಜಿಗಳನ್ನು ಆಶ್ರಯಿಸಿತ್ತು. ಬೆಲೆಬಾಳುವ, ಬೇಗ ತಲುಪಬೇಕಾದ ಸರಕು ಹೊಗೆಹಡಗಿಗೆ ಹೋಯಿತು. ಕಾಯಬಲ್ಲ ಸರಕು ಹಾಯಿಗೆ ಉಳಿಯಿತು. ಮಂಗಳೂರಿಗೆ ಮಳೆಗಾಲದಲ್ಲೂ ತೆರೆದಿರುವ ಸರ್ವಋತು ಬಂದರು ದೊರೆತುದು 1974ರಲ್ಲಿ, ಪಣಂಬೂರಿನ ನವಮಂಗಳೂರು ಬಂದರಿನ ರೂಪದಲ್ಲಿ.

2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ವಾಣಿಜ್ಯ ಹಡಗುಗಳ ಮೇಲೆ ದಾಳಿಗಳು ನಡೆದಾಗ ಪ್ರಮುಖ ಕಂಟೇನರ್ ಕಂಪನಿಗಳು ತಮ್ಮ ಹಡಗುಗಳನ್ನು ಗುಡ್ ಹೋಪ್ ಭೂಶಿರದ ಸುತ್ತಿನ ದಾರಿಗೆ ತಿರುಗಿಸಿದವು. ಯೂರೋಪಿನ ಪ್ರಯಾಣಕ್ಕೆ ಎರಡು ವಾರಗಳಷ್ಟು ಹೆಚ್ಚಾಯಿತು. ಬಾಡಿಗೆ, ವಿಮೆಗಳು ಏರಿದವು. ರಫ್ತುದಾರರ ಹಣ ಹೆಚ್ಚು ದಿನ ಸಿಕ್ಕಿಬಿತ್ತು. ಖಲಫ್ ಬಿನ್ ಇಸಾಕ್ ಮುಳುಗುಗಾರರನ್ನು ಕಳುಹಿಸಿದ್ದ ಬಾಬ್ ಎಲ್ ಮಂದೆಬ್ ಅದೇ ಜಲಸಂಧಿ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಈಗ ಯಂತ್ರವಿದೆ. ಆದರೂ ಮುಂಗಾರಿನ ತಿಂಗಳುಗಳಲ್ಲಿ ಅವುಗಳ ಸಂಚಾರ ನಿಲ್ಲುತ್ತದೆ. ಹೀಗಾಗಿ ಮಳೆಗೆ ಮುಂಚಿನ ವಾರಗಳಲ್ಲಿ ದ್ವೀಪವಾಸಿಗಳ ಮಳೆಗಾಲದ ಆಹಾರ ಧಾನ್ಯ, ಸಿಮೆಂಟ್, ಜಲ್ಲಿ ಮೊದಲಾದವನ್ನು ಸಾಗಿಸುವ ಅವಸರ ದಕ್ಕೆಯಲ್ಲಿ ಕಾಣುತ್ತದೆ. ಕೊನೆಯ ಮಂಜಿಗೆ ಹೇರಲಾಗದೆ ಉಳಿದ ಮಾಲು ಸೆಪ್ಟೆಂಬರ್‌ವರೆಗೆ ಉಗ್ರಾಣದಲ್ಲೇ ಇರಬೇಕು.